ಯಾವ ಗೊಬ್ಬರ ಹಾಕ್ಲಿ ಅಂತ ಕೇಳುವವರಿಗೆ

ಫೆಬ್ರವರಿ ಬಂತೆಂದರೆ ಶುರು. ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟುಕೊಂಡ ಯಾರೇ ಎದುರಾದರೂ ಒಂದೇ ಪ್ರಶ್ನೆ: "ಗಿಡ ಚೆನ್ನಾಗಿ ಬರ್ತಿಲ್ಲ, ಯಾವ ಗೊಬ್ಬರ ಹಾಕ್ಲಿ?" ಯಾವ ಗಿಡ ಅಂತ ಹೇಳುವುದಿಲ್ಲ. ಎಂದು ಬಿತ್ತಿದ್ದು, ಕುಂಡದಲ್ಲೋ ನೆಲದಲ್ಲೋ, ಎಲೆ ಹಳದಿಯಾಗಿದೆಯೋ ಬಾಡಿದೆಯೋ, ಒಂದೂ ಇಲ್ಲ. ಗೊಬ್ಬರದ ಹೆಸರು ಮಾತ್ರ ಬೇಕು. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದೇ ಬಿಡುತ್ತೇನೆ.

ಬಹುಪಾಲು ಸಲ ಯಾವ ಗೊಬ್ಬರವೂ ಬೇಡ. ಹಾಕಿದ್ದನ್ನು ನಿಲ್ಲಿಸಿದರೆ ಸಾಕು.

ಮೊದಲು ಸೊರಗುವ ಗಿಡದ ವಿಷಯ. ಹೂ ಬಿಡುವ ಹೊತ್ತಿಗೆ ಟೊಮೆಟೊ, ಬದನೆ ಅಥವಾ ಮೆಣಸಿನಕಾಯಿ ಗಿಡ ಮಧ್ಯಾಹ್ನ ಜೋತುಬೀಳುತ್ತದೆ, ಸಂಜೆಗೆ ಚೇತರಿಸಿಕೊಳ್ಳುತ್ತದೆ, ಕೆಲವೇ ದಿನದಲ್ಲಿ ಎಲೆ ಹಸಿರಾಗಿದ್ದಂತೆಯೇ ಗಿಡ ಸತ್ತುಹೋಗುತ್ತದೆ. ಜನ ಇದಕ್ಕೆ ಯೂರಿಯಾ ಹಾಕುತ್ತಾರೆ, ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹಾಗೆ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡದ ಮೂರು ಇಂಚಿನ ತುಂಡು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿನಲ್ಲಿ ಮುಳುಗುವಷ್ಟು ಇಳಿಬಿಟ್ಟು, ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಸಣ್ಣಗೆ ಕೆಳಗಿಳಿಯಲು ಶುರುವಾದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ನೀರು ಸಾಗುವ ನಾಳಗಳೊಳಗೇ ದುಂಡಾಣು ತುಂಬಿಕೊಂಡಿದೆ. ನೀವು ಬುಡಕ್ಕೆ ಎಷ್ಟು ಸುರಿದರೂ ಅದು ಮೇಲೆ ಹತ್ತುವುದಿಲ್ಲ.

ಔಷಧಿ ಇಲ್ಲ. ಬೇರುಸಮೇತ ಕಿತ್ತು ಸುಡಬೇಕು. ದಯವಿಟ್ಟು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗೆಡ್ಡೆ ನಾಲ್ಕೂ ಬೇಡ, ಮುಸುಕಿನ ಜೋಳವನ್ನೋ ಈರುಳ್ಳಿಯನ್ನೋ ಹಾಕಿಕೊಳ್ಳಿ. ಹಾಸನದವರಿಗೆ ಇನ್ನೊಂದು ಮಾತು: ಆಲೂಗೆಡ್ಡೆ ಬೆಳೆದ ಹೊಲದ ಮಣ್ಣು ತಂದು ಕುಂಡಕ್ಕೆ ತುಂಬಬೇಡಿ. ಆಲೂಗೆಡ್ಡೆಗೂ ಇದೇ ರೋಗ, ಮಣ್ಣಿನ ಜೊತೆಗೇ ಮನೆಗೆ ಬರುತ್ತದೆ. ಟೊಮೆಟೊ ಬೇಕೇ ಬೇಕು ಅನ್ನುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಾಕಬಹುದು, ಅದಕ್ಕೆ ಈ ರೋಗ ತಡೆಯುವ ಗುಣವಿದೆ. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ತೆಗೆದಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಎರಡನೆಯದು, ಸೊಂಪಾಗಿ ಬೆಳೆದೂ ಹೂ ಬಿಡದ ಗಿಡ. ವಾರವಾರವೂ ಸಗಣಿ ಬಗ್ಗಡ ಕುಡಿಸಿದರೆ ಎಲೆಯೇ ಬರುವುದು. ಸಾರಜನಕ ಹೆಚ್ಚಾದ ಗಿಡಕ್ಕೆ ಹೂವಿನ ತುರ್ತು ಇರುವುದಿಲ್ಲ. ಬಗ್ಗಡ ನಿಲ್ಲಿಸಿ, ಬಿಸಿಲಿಗಿಡಿ.

ನಿಜ ಹೇಳಬೇಕೆಂದರೆ, ಯಾರಾದರೂ "ಯಾವಾಗ ಬಿತ್ತಲಿ?" ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಯಾರೂ ಕೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಟೊಮೆಟೊ ಸಸಿಮಡಿಯಲ್ಲಿ 25ರಿಂದ 30 ದಿನ ಇರುತ್ತದೆ. ನಾಟಿ ಮಾಡಿದ ಮೇಲೆ ಮೊದಲ ಹಣ್ಣಿಗೆ 60ರಿಂದ 70 ದಿನ. ಸಂಕ್ರಾಂತಿಗೆ ಬಿತ್ತಿದರೆ ಏಪ್ರಿಲ್ ಕೊನೆಗೆ ಹಣ್ಣು, ಮಳೆ ಹಿಡಿಯುವುದರೊಳಗೆ ಕುಯ್ದು ಮುಗಿಯುತ್ತದೆ. ಯುಗಾದಿಗೆ ಬಿತ್ತಿದರೆ ಹಣ್ಣಾಗುವುದು ಜೂನ್ ಕೊನೆ, ಜುಲೈನ ಆರಿದ್ರಾ, ಪುನರ್ವಸು ಮಳೆಯಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆ ಆ ಮಳೆಗೆ ಅಂಗಮಾರಿ ರೋಗ ಬಂದು ಎಲೆ, ಕಾಯಿ ಎರಡೂ ಕಪ್ಪಾಗಿ ಕೊಳೆಯುತ್ತವೆ. ತಪ್ಪಿದ್ದು ಎರಡು ತಿಂಗಳ ಲೆಕ್ಕ. ಅದನ್ನು ಯಾವ ಅಂಗಡಿಯ ಚೀಲವೂ ತುಂಬಿಕೊಡುವುದಿಲ್ಲ. ತಡವಾಗಿದ್ದರೆ ಟೊಮೆಟೊ ಆಸೆ ಬಿಟ್ಟು ಹರಿವೆ ಚೆಲ್ಲಿ, ಒಂದು ತಿಂಗಳೊಳಗೆ ಸೊಪ್ಪು ಕೀಳಬಹುದು. ಬೆಂಡೆ ಊರಿದರೆ ಒಂದೂವರೆ ಎರಡು ತಿಂಗಳಲ್ಲಿ ಕಾಯಿ. ಕೊತ್ತಂಬರಿ ಈ ಬಿಸಿಲಲ್ಲಿ ಬೇಗ ಹೂವಿಗೆ ಹೋಗುತ್ತದೆ. ಮಧ್ಯಾಹ್ನ ನೆರಳು ಬೀಳುವ ಕಡೆ, ಬೀಜ ಎರಡು ಹೋಳಾಗುವಂತೆ ಉಜ್ಜಿ ಬಿತ್ತಿ.

ಹೀರೆಗೂ ಹೊತ್ತಿನದೇ ಸಮಸ್ಯೆ. "ಪುಟ್ಟ ಕಾಯಿ ಬಂದು ಹಳದಿಯಾಗಿ ಉದುರುತ್ತೆ, ಗೊಬ್ಬರ ಕಮ್ಮಿಯಾ?" ಅಲ್ಲ, ಪರಾಗಸ್ಪರ್ಶ ಆಗಿಲ್ಲ. ಹೀರೆ ಹೂ ಅರಳುವುದು ಸಂಜೆ ಐದರ ಸುಮಾರಿಗೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದವರಿಗೆ ಕಾಣುವುದು ಬಾಡುತ್ತಿರುವ ಹೂ. ಸಂಜೆ ಹೋಗಿ ನೋಡಿ. ಗಂಡು ಹೂ ಉದ್ದ ತೊಟ್ಟಿನ ಮೇಲೆ ಗೊಂಚಲಾಗಿ ಬರುತ್ತದೆ. ಹೆಣ್ಣು ಹೂ ಒಂಟಿ, ಹಿಂದೆ ಬೆರಳುದ್ದಕ್ಕಿಂತ ಚಿಕ್ಕದಾದ, ಆಗಲೇ ಗೀರು ಮೂಡಿದ ಕಾಯಿ ಇರುತ್ತದೆ. ಗಂಡು ಹೂ ಕಿತ್ತು, ಎಸಳು ಹರಿದು, ಪುಡಿ ಇರುವ ನಡುಭಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಸೋರೆಗೂ ಸಂಜೆಯೇ. ಸಿಹಿಕುಂಬಳಕ್ಕೆ ಮಾತ್ರ ಬೆಳಗಿನ ಜಾವ ಅರಳಿದ ಕೂಡಲೇ.

ಸೇವಂತಿಗೆಯವರಿಗೆ ಒಂದೇ ಸಾಲು: ಹಗಲು ಉದ್ದವಾಗುತ್ತಿರುವಾಗ ನಮ್ಮ ನಾಟಿ ಸೇವಂತಿಗೆ ಮೊಗ್ಗು ಕಟ್ಟುವುದಿಲ್ಲ, ಅದಕ್ಕೆ ದೀರ್ಘ ರಾತ್ರಿ ಬೇಕು. ಈಗ ಹೂ ಬೇಕಿದ್ದರೆ ಚೆಂಡುಹೂ ಹಾಕಿ.

ಇಷ್ಟರ ಮೇಲೂ ಗೊಬ್ಬರದ ಹೆಸರೇ ಬೇಕು ಅನ್ನುವವರಿಗೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹತ್ತಡಿಗೆ ಹತ್ತಡಿ ಜಾಗಕ್ಕೆ 20ರಿಂದ 25 ಕೆಜಿ. ಮುಟ್ಟಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು. ಹಸಿ ಸಗಣಿ ಹಾಕಿದರೆ ಬೇರು ತಿನ್ನುವ ಗೊಣ್ಣೆಹುಳವನ್ನು ನೀವೇ ಕರೆದಂತೆ. ಕಾಫಿ ಹಣ್ಣಿನ ಸಿಪ್ಪೆಯೂ ಅಷ್ಟೇ, ತಿಂಗಳುಗಟ್ಟಲೆ ಕಳಿಯದೆ ಬುಡಕ್ಕೆ ಹಾಕಬೇಡಿ.

ಮಲೆನಾಡಿನ ಕಡೆಯ ಹಿತ್ತಲಿಗೆ ಗೊಬ್ಬರಕ್ಕಿಂತ ಮೊದಲು ಬೇಕಾಗುವುದು ಸುಣ್ಣ. ವರ್ಷವರ್ಷದ ಮಳೆ ಸುಣ್ಣದ ಅಂಶವನ್ನು ತೊಳೆದು ಮಣ್ಣನ್ನು ಹುಳಿ ಮಾಡಿರುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕಿಸುವವರೇ ಮನೆ ಹಿಂದಿನ ಬೀನ್ಸ್ ಪಾತಿಯನ್ನು ಮರೆಯುತ್ತಾರೆ, ಇದು ನನಗೆ ಅರ್ಥವಾಗದ ಸಂಗತಿ. ಹುಳಿ ಮಣ್ಣಾದರೆ ಅದೇ ಹತ್ತಡಿ ಜಾಗಕ್ಕೆ ಎರಡು ಕೆಜಿ ಕೃಷಿ ಸುಣ್ಣ ಹರಡಿ, ಮಣ್ಣಿಗೆ ಬೆರೆಸಿ, ಎರಡು ಮೂರು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕಡೂರು, ಅರಸೀಕೆರೆ ಕಡೆಯವರು ಇದನ್ನು ಓದಿ ಸುಣ್ಣ ತರಲು ಹೊರಡಬೇಡಿ, ನಿಮ್ಮಲ್ಲಿ ಸುಣ್ಣದ ಮಣ್ಣೇ ಹೆಚ್ಚು.

ನಿಮ್ಮದು ಯಾವ ಮಣ್ಣು ಅಂತ ಗೊತ್ತಿಲ್ಲದಿದ್ದರೆ ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣು ಪರೀಕ್ಷೆಗೆ ಅಲ್ಲಿ ವಿಚಾರಿಸಿ. ಐದಾರು ಕಡೆ ಆರಿಂಚು ಆಳ ಅಗೆದು, ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದೊಂದು ಪದರ ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಒಯ್ಯಿರಿ. ಇತ್ತೀಚೆಗೆ ಗೊಬ್ಬರ ಹಾಕಿದ ಜಾಗದ ಮಣ್ಣು ಮಾತ್ರ ಬೇಡ.