ಕೆಳಗೆ ಎಷ್ಟಿದೆ?

ಸಮುದ್ರದಿಂದ ಬರುವ ಅಂಕಿಗಳನ್ನು ಸೋಸುವುದು ನನ್ನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅಂತ ಅಮ್ಮನಿಗೆ ಹೇಳಿದ್ದೇನೆ, ಅವರಿಗೆ ಅಷ್ಟು ಸಾಕಾಗಿದೆ.

ಆರ್ಗೋ ಫ್ಲೋಟ್ ಅಂತ ಆಳೆತ್ತರದ ಸಿಲಿಂಡರುಗಳಿವೆ. 1000 ಮೀಟರ್ ಆಳದಲ್ಲಿ ಸುಮ್ನೆ ತೇಲಿಕೊಂಡಿರುತ್ತವೆ. ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು ಅಂತ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಬಂದ ಒಂದೊಂದು ಅಂಕಿಗೂ ನಾವು ನಂಬರ್ ಹಾಕಬೇಕು. 1 ಅಂದರೆ ಒಳ್ಳೆಯದು, 4 ಅಂದರೆ ಕೆಟ್ಟದ್ದು. 4 ಬಿದ್ದದ್ದನ್ನು ಮುಂದೆ ಯಾರೂ ಮುಟ್ಟುವುದಿಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷದ ನವೆಂಬರ್. ವಿಶಾಖಪಟ್ಟಣದಿಂದ ಆಗ್ನೇಯಕ್ಕೆ ಸುಮಾರು 300 ಕಿ.ಮೀ. ದೂರದಲ್ಲಿದ್ದ ಒಂದು ಫ್ಲೋಟ್ ವಿಚಿತ್ರವಾಗಿ ಆಡತೊಡಗಿತು. ಅಲ್ಲಿಯವರೆಗೆ ಮೇಲಿನ ನೀರಿನಲ್ಲಿ ಉಪ್ಪು 33.4 ಇತ್ತು (ಒಂದು ಕಿಲೋ ನೀರಿಗೆ ಸುಮಾರು ಇಷ್ಟು ಗ್ರಾಂ ಅಂತ ಲೆಕ್ಕ). ಮುಂದಿನ ಸಲ ಮೇಲೆ ಬಂದಾಗ 30.9. ಸುತ್ತ ನಾಲ್ಕೂ ಕಡೆ ನೆಲ ಕಾಣದ ನಡುಸಮುದ್ರ. ಅಲ್ಲಿ ಹತ್ತು ದಿನದಲ್ಲಿ ಅಷ್ಟು ಉಪ್ಪು ಎಲ್ಲಿಗೆ ಹೋಗುತ್ತೆ? ಸೆನ್ಸರಿಗೆ ಪಾಚಿ ಹಿಡಿದಿದೆ ಅಂದುಕೊಂಡೆ. ಪಾಚಿ ಹಿಡಿದರೆ ಉಪ್ಪು ಕಡಿಮೆ ತೋರಿಸುವುದು ನಿಜ ಕೂಡ. ಒಂದಲ್ಲ, ಮೂರು ಸಲದ ಅಳತೆಗೆ 4 ಹಾಕಿ ಊಟಕ್ಕೆ ಎದ್ದೆ.

ಸಂಜೆ ಮೇಡಂ ಬಂದು ಸ್ಕ್ರೀನ್ ನೋಡಿದರು. ಅವರು ಉಡುಪಿ ಕಡೆಯವರು, ಮಾತು ಕಡಿಮೆ.

“ಕೆಳಗೆ ಎಷ್ಟಿದೆ?”

ನಾನು ನೋಡಿರಲೇ ಇಲ್ಲ. 2000 ಮೀಟರಿನಲ್ಲಿ 34.8ರ ಹತ್ತಿರ ಇತ್ತು. ಹಿಂದಿನ ತಿಂಗಳೂ ಅಷ್ಟೇ, ಎರಡನೇ ದಶಮಾಂಶ ಕೂಡ ಅಲುಗಿರಲಿಲ್ಲ. ಉಪ್ಪು ಕಡಿಮೆ ಆಗಿದ್ದದ್ದು ಮೇಲಿನ 30 ಮೀಟರಿನಲ್ಲಿ ಮಾತ್ರ.

“ಅಲ್ಲ ಮಾರಾಯ, ಪಾಚಿ ಹಿಡಿದ ಸೆನ್ಸರ್ ಮೇಲೆ ಸುಳ್ಳು ಹೇಳಿ ಕೆಳಗೆ ಸತ್ಯ ಹೇಳ್ತದಾ?”

ಮಳೆ ಇರಬಹುದು ಮೇಡಂ, ಅಂದೆ. ಲೆಕ್ಕ ಹಾಕು ಅಂದರು. ಹಾಕಿದೆ. 30 ಮೀಟರ್ ನೀರು 33.4ರಿಂದ 30.9ಕ್ಕೆ ಇಳಿಯಬೇಕಾದರೆ ಎರಡು ಮೀಟರಿಗೂ ಜಾಸ್ತಿ ಮಳೆ ಬೇಕು, ಅದೂ ಹತ್ತು ದಿನದಲ್ಲಿ. ಆಗುಂಬೆಯಲ್ಲೂ ಅಷ್ಟು ಬೀಳಲ್ಲ. ಇನ್ನೊಂದು ವಿಷಯ ಆಗ ಕಣ್ಣಿಗೆ ಬಿತ್ತು. ಮೇಲಿನ ನೀರು ಅದರ ಸ್ವಲ್ಪವೇ ಕೆಳಗಿನದಕ್ಕಿಂತ ಅರ್ಧ ಡಿಗ್ರಿ ತಣ್ಣಗಿತ್ತು. ತಣ್ಣನೆಯ ನೀರು ಮುಳುಗಬೇಕು, ಅಲ್ವಾ? ಉಪ್ಪು ಅಷ್ಟು ಕಡಿಮೆ ಇದ್ದದ್ದರಿಂದ ಹಗುರಾಗಿ ಮೇಲೇ ನಿಂತಿತ್ತು. ಅದು ನದಿಯ ನೀರು.

ಮಳೆಗಾಲದಲ್ಲಿ ಗಂಗಾ, ಬ್ರಹ್ಮಪುತ್ರ, ಮಹಾನದಿಗಳೆಲ್ಲ ಬಂಗಾಳ ಕೊಲ್ಲಿಗೆ ಸುರಿಯುವ ನೀರು ತಕ್ಷಣ ಬೆರೆತು ಹೋಗುವುದಿಲ್ಲ. ಅಕ್ಟೋಬರಿನಿಂದ ಡಿಸೆಂಬರ್ ತನಕ ದಂಡೆಗುಂಟ ಒಡಿಶಾ, ಆಂಧ್ರ ದಾಟಿ ತಮಿಳುನಾಡಿನ ಕಡೆ ಇಳಿಯುತ್ತದೆ. ಮೀನುಗಾರರೇ ಬಾಟಲಿಯಲ್ಲಿ ತುಂಬಿಸಿ ತಂದುಕೊಟ್ಟ ನೀರನ್ನು ಅಳೆದು, ಇದನ್ನು ‘ಸಮುದ್ರದೊಳಗಿನ ನದಿ’ ಅಂತ ಕರೆದ ಪ್ರಬಂಧ 2014ರಲ್ಲಿ ಬಂತು. ಅಗಲ ಸುಮಾರು 100 ಕಿ.ಮೀ. (ಇದರಲ್ಲಿ ಒಂದು ಪಾಲು ಶ್ರೀಲಂಕಾ ಸುತ್ತಿ, ಚಳಿಗಾಲದಲ್ಲಿ ಕೇರಳ ದಾಟಿ ನಮ್ಮ ಕರಾವಳಿಗೂ ಬರುತ್ತದೆ. ಕಾರವಾರದಲ್ಲಿ ಜನವರಿಯಲ್ಲಿ ಕಾಲು ನೆನೆಸಿದರೆ ಬಂಗಾಳ ಕೊಲ್ಲಿಯೂ ಸ್ವಲ್ಪ ತಾಗುತ್ತದೆ ಅಂತ ನಾನು ನೆಂಟರಿಗೆಲ್ಲ ಹೇಳುತ್ತಿರುತ್ತೇನೆ.)

ಆದರೆ ನನ್ನ ಫ್ಲೋಟ್ ಇದ್ದದ್ದು ಆ ನದಿಯಿಂದ ತುಂಬಾ ಆಚೆ. ನೀರು ಅಲ್ಲಿಗೆ ಹೋಗಿದ್ದು ಹೇಗೆ?

ದಂಡೆಯ ಪಕ್ಕ ಹಗುರ ನೀರು, ಆಚೆ ಭಾರದ ನೀರು. ಎರಡರ ನಡುವಿನ ಗಡಿ ಓರೆಯಾಗಿ ನಿಂತಿರುತ್ತದೆ. ಆ ಓರೆಗೆ ಮಟ್ಟಸ ಆಗುವ ಆಸೆ. ಹಗುರ ನೀರು ಸೀದಾ ಹೊರಗೆ ಹರಡಬೇಕಿತ್ತು, ಭೂಮಿ ತಿರುಗುವುದರಿಂದ ಆಗುವುದಿಲ್ಲ. ಬಲಕ್ಕೆ ತಿರುಚಿಕೊಂಡು ದಂಡೆಗುಂಟ ಓಡುತ್ತದೆ. ಹಿಂಗಾರಿನ ಗಾಳಿ ಬೆನ್ನಿಗೆ ನಿಂತು ಇನ್ನಷ್ಟು ತಳ್ಳುತ್ತದೆ. ಹೀಗೆ ಓಡುವ ಹರಿವಿನಲ್ಲಿ ಎಲ್ಲೋ ಒಂದು ಸಣ್ಣ ಡೊಂಕು ಬಿತ್ತು ಅನ್ನಿ. ಸಾಮಾನ್ಯ ಹೊಳೆಗೆ ಎರಡು ದಡ ಇರುತ್ತದೆ, ಈ ಹೊಳೆಗೆ ಒಂದೇ. ಹೊರಗಿನ ಕಡೆ ತಡೆಯುವವರು ಯಾರೂ ಇಲ್ಲ. ಓರೆಯಲ್ಲಿ ಕೂಡಿಟ್ಟ ಶಕ್ತಿಯನ್ನೇ ತಿಂದು ಡೊಂಕು ದೊಡ್ಡದಾಗುತ್ತದೆ, ಕೊನೆಗೆ ತುಂಡಾಗಿ ಸುಳಿ ಆಗುತ್ತದೆ. ನೂರು, ಇನ್ನೂರು ಕಿ.ಮೀ. ಅಗಲದ ಸುಳಿ. ತಿಂಗಳುಗಟ್ಟಲೆ ತಿರುಗುತ್ತಿರುತ್ತದೆ.

ಮೇಡಂ ಹಿಂದಿನ ಆರು ವಾರದಲ್ಲಿ ಉಪಗ್ರಹಗಳು ಅಳೆದ ಸಮುದ್ರ ಮಟ್ಟದ ನಕ್ಷೆಗಳನ್ನು ಒಂದಾದ ಮೇಲೊಂದು ತೆರೆದರು. ಸಮುದ್ರ ಸಮತಟ್ಟಾಗಿಲ್ಲ. ಒಂದು ಜಾತಿಯ ಸುಳಿ ಇದ್ದಲ್ಲಿ ನೀರು ಹತ್ತಿಪ್ಪತ್ತು ಸೆಂಟಿಮೀಟರ್ ಉಬ್ಬಿರುತ್ತದೆ, ಇನ್ನೊಂದು ಜಾತಿಯದರಲ್ಲಿ ತಗ್ಗಿರುತ್ತದೆ. ನಕ್ಷೆಯಲ್ಲಿ ಉತ್ತರಕ್ಕೊಂದು ತಗ್ಗು, ದಕ್ಷಿಣಕ್ಕೊಂದು ಉಬ್ಬು ಜೋಡಿಯಾಗಿ ನಿಂತಿದ್ದವು. ತಗ್ಗಿನದು ಎಡಕ್ಕೆ ತಿರುಗುತ್ತದೆ, ಉಬ್ಬಿನದು ಬಲಕ್ಕೆ. ಹಾಗಾಗಿ ಎರಡರ ನಡುವೆ ನೀರು ಪೂರ್ವಕ್ಕೆ, ಅಂದರೆ ದಂಡೆಯಿಂದ ಆಚೆಗೆ ನುಗ್ಗುತ್ತದೆ. ಕಬ್ಬಿನ ಗಾಣದ ಎರಡು ಉರುಳೆಗಳ ನಡುವೆ ಜಲ್ಲೆ ಹೋದ ಹಾಗೆ. ಆ ಜಲ್ಲೆಯ ತುದಿಯಲ್ಲಿ ನನ್ನ ಫ್ಲೋಟ್ ಕೂತಿತ್ತು.

ನಾನು ನವೆಂಬರಿನ ಅಂಕಿಗೆ ಕಾರಣವನ್ನು ನವೆಂಬರಿನಲ್ಲೇ, ಅದೇ ಜಾಗದಲ್ಲೇ ಹುಡುಕುತ್ತಿದ್ದೆ. ಅದು ಶುರುವಾಗಿದ್ದು ಅಕ್ಟೋಬರಿನಲ್ಲಿ, ದಂಡೆಯ ಹತ್ತಿರ. ನಮ್ಮ ತೊಂದರೆ ಏನೆಂದರೆ ಸುಳಿ ಹುಟ್ಟುವ ಆ ಜಾಗದಲ್ಲೇ ನಮಗೆ ಕಣ್ಣು ಮಂಜು. ಉಪಗ್ರಹದ ರೇಡಾರ್ ಕಿರಣದಲ್ಲಿ ನೆಲವೂ ಸೇರಿಕೊಂಡರೆ ಅಳತೆ ಕೆಡುತ್ತದೆ. ಇಸ್ರೋ, ಫ್ರಾನ್ಸಿನ ಜೊತೆ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹ ಈ ವಿಷಯದಲ್ಲಿ ಹಿಂದಿನವಕ್ಕಿಂತ ವಾಸಿ. ಆರ್ಗೋ ಫ್ಲೋಟುಗಳಂತೂ ಆಳ ಇಲ್ಲದ ಕಡೆ ಕೆಲಸಕ್ಕೇ ಬರುವುದಿಲ್ಲ.

ಅಷ್ಟಕ್ಕೂ 30 ಮೀಟರ್ ನೀರಿನಲ್ಲಿ ಉಪ್ಪು ಕಡಿಮೆ ಆದರೆ ಯಾರಿಗೇನು ಅಂತ ನಮ್ಮ ಭಾವ ಕೇಳಿದ್ದರು. ಚಂಡಮಾರುತ ಬಂದಾಗ ಗಾಳಿ ಸಮುದ್ರವನ್ನು ಕಡೆಯುತ್ತದೆ, ಕೆಳಗಿನ ತಂಪು ನೀರು ಮೇಲೆ ಬರುತ್ತದೆ, ಚಂಡಮಾರುತದ ಬಲ ಸ್ವಲ್ಪ ಕುಗ್ಗುತ್ತದೆ. ಮೇಲೆ ಹಗುರ ನೀರಿನ ಮುಚ್ಚಳ ಇದ್ದರೆ ಕಡೆಯುವುದು ಅಷ್ಟು ಸುಲಭ ಅಲ್ಲ. ತಂಪು ನೀರು ಮೇಲೆ ಬರಲ್ಲ, ಚಂಡಮಾರುತಕ್ಕೆ ಸಿಗುವ ಬಿಸಿಯೂ ಕಡಿಮೆ ಆಗಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವುದೂ ಹೆಚ್ಚಾಗಿ ಇದೇ ಅಕ್ಟೋಬರ್, ನವೆಂಬರ್, ಡಿಸೆಂಬರಿನಲ್ಲಿ. ನಾನು 4 ಹಾಕಿ ಅಳಿಸಿದ್ದು ಅಂಥ ಒಂದು ಮುಚ್ಚಳವನ್ನು.

ಮೂರನ್ನೂ 1ಕ್ಕೆ ತಿದ್ದಿ, ಯಾಕೆ ತಿದ್ದಿದೆ ಅಂತ ಟಿಪ್ಪಣಿ ಬರೆದೆ. ಅಂದಿನಿಂದ ನನ್ನ ರೂಢಿ ಬದಲಾಯಿತು. ಮೊದಲು ಆಳದ ಅಂಕಿ, ಆಮೇಲೆ ದಂಡೆಯಿಂದ ಶುರುಮಾಡಿ ಆರು ವಾರದ ನಕ್ಷೆ, ಆಮೇಲೇ ನಂಬರ್.

ಹಾಗಂತ ಹೇಳಿಕೊಳ್ಳುತ್ತೇನೆ. ಮುಂದಿನ ಡಿಸೆಂಬರಿನಲ್ಲಿ ಇನ್ನೊಂದು ಫ್ಲೋಟ್ ಉಪ್ಪು ಕಡಿಮೆ ತೋರಿಸಿತು. ಸುಳಿ ಸಿಕ್ಕಿತು ಅಂತ ಕುಣಿದುಬಿಟ್ಟೆ. ಪಕ್ಕದಲ್ಲಿ ಒಂದು ಉಬ್ಬು ಕೂಡ ಕಂಡಿತು. ಬಣ್ಣದ ನಕ್ಷೆ, ಬಾಣದ ಗುರುತು ಎಲ್ಲ ಹಾಕಿ ರಾತ್ರಿಯೇ ಮೇಡಂಗೆ ಮೇಲ್ ಕಳಿಸಿದೆ. ಬೆಳಿಗ್ಗೆ ಉತ್ತರ ಬಂದಿತ್ತು, ಎರಡೇ ಪದ: “ಕೆಳಗೆ ಎಷ್ಟಿದೆ?”

2000 ಮೀಟರಿನಲ್ಲೂ 0.1 ಕಡಿಮೆ ಇತ್ತು. ಈ ಸಲ ಸೆನ್ಸರೇ ಕೆಟ್ಟಿತ್ತು.