ಸಿಪ್ಯಾಪ್ ಮಾಸ್ಕ್ ತೊಂದರೆನಾ? ಕಂಪನಿಗೆ ಹೀಗೆ ಬರೆಯಿರಿ

ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳದಂತೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಮಿಷನ್. ಅದರ ಮಾಸ್ಕ್ ಬಗ್ಗೆ ಕಂಪನಿಗೆ ದೂರು ಕೊಡುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಸ್ಕ್ ಸರಿಯಾಗಿ ಕೂರುತ್ತಿಲ್ಲ ಅನ್ನುವುದು ಒಂದು ವಿಷಯ, ಮಾಸ್ಕಿನಿಂದ ಅಪಾಯ ಇದೆಯಾ ಅನ್ನುವುದು ಬೇರೆಯೇ ವಿಷಯ. ಎರಡನ್ನೂ ಒಂದೇ ಇಮೇಲ್‌ನಲ್ಲಿ ತುರುಕಿದರೆ ಅವರು ಸುಲಭದ್ದಕ್ಕೆ ಮಾತ್ರ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಮಗೆ ಆಗಿದ್ದೂ ಅದೇ.

ನಮ್ಮ ಅಪ್ಪನಿಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಂತುಹೋಗುವ ತೊಂದರೆ. ಮೂಗು, ಬಾಯಿ ಎರಡೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಹಾಕಿಕೊಂಡೇ ಮಲಗುತ್ತಾರೆ. ಆಮೇಲೆ ಪೇಸ್‌ಮೇಕರ್ ಹಾಕಿಸಬೇಕಾಯಿತು. ಡಿಸ್ಚಾರ್ಜ್ ಮಾಡುವಾಗ ಮೊಬೈಲ್ ಎದೆಯ ಹತ್ತಿರದ ಜೇಬಿನಲ್ಲಿ ಇಡಬೇಡಿ ಅಂದರು, ಮಾಸ್ಕಿನ ಮಾತು ಮಾತ್ರ ಯಾರೂ ಎತ್ತಲಿಲ್ಲ. ಹೃದಯದ ಡಾಕ್ಟರ್ ಮಾಸ್ಕ್ ನೋಡಿಲ್ಲ, ನಿದ್ದೆಯ ಡಾಕ್ಟರಿಗೆ ಪೇಸ್‌ಮೇಕರ್ ವಿಷಯ ಗೊತ್ತಿಲ್ಲ, ನಡುವೆ ಇರುವವರು ನಾವು.

ಮಾಸ್ಕಿನ ಕೆಳಗಿನ ಪಟ್ಟಿಗಳ ತುದಿಯಲ್ಲಿ ಪುಟ್ಟ ಕ್ಲಿಪ್ ಇರುತ್ತಲ್ಲ, ಹತ್ತಿರ ಹಿಡಿದರೆ ಟಪ್ ಅಂತ ತಾನೇ ಹೋಗಿ ಕೂರುತ್ತದೆ, ಅದರೊಳಗೆ ಮ್ಯಾಗ್ನೆಟ್ ಇದೆ. ಅನುಮಾನ ಇದ್ದರೆ ಸೀರೆಗೆ ಹಾಕುವ ಪಿನ್ನು ಹಿಡಿದು ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಫಿಲಿಪ್ಸ್ ರೆಸ್ಪಿರಾನಿಕ್ಸ್, 2023ರ ನವೆಂಬರ್‌ನಲ್ಲಿ ರೆಸ್‌ಮೆಡ್, ಇಬ್ಬರೂ ಇಂಥ ಮಾಸ್ಕ್‌ಗಳ ಎಚ್ಚರಿಕೆಯನ್ನು ತಿದ್ದಿ ಬರೆದರು. ಪೇಸ್‌ಮೇಕರ್, ಐಸಿಡಿ (ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಸಾಧನ), ಮೆದುಳಿನ ಶಂಟ್ (ಮೆದುಳಿನಲ್ಲಿ ತುಂಬಿದ ನೀರು ಹೊರಗೆ ಹರಿಸುವ ಕೊಳವೆ), ಅನ್ಯೂರಿಸಂ ಕ್ಲಿಪ್ (ಉಬ್ಬಿದ ರಕ್ತನಾಳಕ್ಕೆ ಹಾಕುವ ಕ್ಲಿಪ್) ಇಂಥವು ದೇಹದಲ್ಲಿ ಇದ್ದರೆ ಮ್ಯಾಗ್ನೆಟ್ ಕನಿಷ್ಠ 6 ಇಂಚು ದೂರ ಇರಬೇಕು. ಮಾಸ್ಕ್ ಹಾಕಿಕೊಳ್ಳುವವರಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ಮಲಗುವವರಿಗೂ ಇದು ಅನ್ವಯಿಸುತ್ತದೆ. (ನಮ್ಮ ಮಾಸ್ಕ್ ಯಾವ ಕಂಪನಿಯದ್ದು ಅನ್ನುವುದು ಇಲ್ಲಿ ಬೇಡ.)

ಮುಖದ ಮೇಲಿನ ಮಾಸ್ಕಿಗೂ ಎದೆಯೊಳಗಿನ ಪೇಸ್‌ಮೇಕರಿಗೂ ಏನು ಸಂಬಂಧ ಅಂತ ಕೇಳಬಹುದು. ಅಪ್ಪ ರಾತ್ರಿ ಬಾತ್‌ರೂಮಿಗೆ ಹೋಗಿ ಬಂದು, ಮಾಸ್ಕ್ ಬಿಚ್ಚಿ ಎದೆಯ ಮೇಲೆ ಇಟ್ಟುಕೊಂಡು ಹಾಗೇ ಒರಗುತ್ತಾರೆ. ಕ್ಲಿಪ್ ಸರಿಯಾಗಿ ಪೇಸ್‌ಮೇಕರ್ ಇರುವ ಜಾಗಕ್ಕೇ ಬರುತ್ತದೆ. ಮ್ಯಾಗ್ನೆಟ್ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ತನ್ನ ಮಾಮೂಲಿ ಲೆಕ್ಕ ಬಿಟ್ಟು ಒಂದೇ ವೇಗದಲ್ಲಿ ಬಡಿಸಲು ಶುರು ಮಾಡಬಹುದು. ಐಸಿಡಿ ಆದರೆ ಶಾಕ್ ಕೊಡಬೇಕಾದ ಹೊತ್ತಿಗೆ ಕೊಡದೇ ಇರಬಹುದು.

ಡೀಲರಿಗೆ ಫೋನ್ ಮಾಡಿದರೆ "ಏನೂ ಆಗಲ್ಲ ಮೇಡಂ, ಎಲ್ಲರೂ ಇದನ್ನೇ ಹಾಕ್ತಾರೆ" ಅಂದ. ಕಂಪನಿಗೆ ಬರೆದೆ. ಮ್ಯಾಗ್ನೆಟ್ ವಿಷಯದ ಜೊತೆಗೆ, ಮೂಗಿನ ಮೇಲ್ಗಡೆಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ ಅಂತಲೂ ಬರೆದಿದ್ದೆ. ಪಟ್ಟಿ ಬಿಗಿ ಮಾಡುವ ವಿಡಿಯೋದ ಲಿಂಕ್ ಬಂತು, ಅಷ್ಟೇ.

ಆಮೇಲೆ ಮ್ಯಾಗ್ನೆಟ್ ಒಂದನ್ನೇ ಹಿಡಿದು ಬೇರೆ ಇಮೇಲ್ ಕಳಿಸಿದೆ. ಮಾಸ್ಕಿನ ಮಾಡೆಲ್, ಪ್ಯಾಕೆಟ್ ಮೇಲಿದ್ದ ರೆಫ್ ಮತ್ತು ಲಾಟ್ ನಂಬರ್, ಬಿಲ್ಲು, ಕ್ಲಿಪ್ಪಿನ ಫೋಟೋ, ಪೇಸ್‌ಮೇಕರ್ ಕಾರ್ಡಿನಲ್ಲಿದ್ದ ಮಾಡೆಲ್ ಹೆಸರು. ಪ್ರಶ್ನೆ ಎರಡೇ: ಪೇಸ್‌ಮೇಕರ್ ಇರುವವರು ಈ ಮಾಸ್ಕ್ ಬಳಸಬಹುದಾ, ಇಲ್ಲವಾ? ಇಲ್ಲ ಅಂದರೆ ನಿಮ್ಮಲ್ಲೇ ಮ್ಯಾಗ್ನೆಟ್ ಇಲ್ಲದ್ದು ಯಾವುದಿದೆ? ಬರವಣಿಗೆಯಲ್ಲೇ ಉತ್ತರ ಬೇಕು ಅಂದೆ. ಈ ಸಲ ಕಸ್ಟಮರ್ ಕೇರ್ ಬಿಟ್ಟು ಸುರಕ್ಷತೆ ನೋಡುವವರ ಕಡೆಯಿಂದಲೇ ಉತ್ತರ ಬಂತು. ಇದನ್ನು ಬಳಸಬೇಡಿ, ಸಾದಾ ಕ್ಲಿಪ್ಪಿನ ಇಂಥ ಮಾಡೆಲ್ ತಗೊಳ್ಳಿ, ಹೃದಯದ ಡಾಕ್ಟರಿಗೂ ಹೇಳಿ ಅಂತ. ಅದನ್ನೇ ಡೀಲರಿಗೆ ಫಾರ್ವರ್ಡ್ ಮಾಡಿದೆ. ಬಳಸಿದ ಮಾಸ್ಕ್ ವಾಪಸ್ ತಗೊಳ್ಳಲ್ಲ ಅನ್ನುತ್ತಿದ್ದವನು ಮಾತಾಡದೆ ಬದಲಾಯಿಸಿಕೊಟ್ಟ.

ಕಂಪನಿ ಉತ್ತರವೇ ಕೊಡದಿದ್ದರೆ? ನಮ್ಮ ದೇಶದಲ್ಲಿ 2015ರಿಂದ ಮೆಟೀರಿಯೋವಿಜಿಲೆನ್ಸ್ ಅಂತ ಒಂದು ವ್ಯವಸ್ಥೆ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ವೈದ್ಯಕೀಯ ಉಪಕರಣದಿಂದ ತೊಂದರೆ ಆದರೆ ರೋಗಿಗಳೇ ವರದಿ ಮಾಡಬಹುದು. ಉಚಿತ ಸಹಾಯವಾಣಿ 1800-180-3024. ಹಾಗಾಗಿ ಮಾಸ್ಕಿನ ಪ್ಯಾಕೆಟ್ ಎಸೆಯಬೇಡಿ, ಲಾಟ್ ನಂಬರ್, ಆಮದು ಮಾಡಿಕೊಂಡವರ ಹೆಸರು, ವಿಳಾಸ ಎಲ್ಲ ಅದರ ಮೇಲೇ ಇರುತ್ತದೆ.

ಇನ್ನು ಅಳತೆಯ ವಿಷಯ. ಕೂತುಕೊಂಡು ಹಾಕಿ ನೋಡಿದರೆ ಏನೂ ಗೊತ್ತಾಗಲ್ಲ. ಮಲಗಿ, ಮಿಷನ್ ಆನ್ ಮಾಡಿ, ರಾತ್ರಿ ಬರುವಷ್ಟೇ ಗಾಳಿ ಬರುವಾಗ ನೋಡಬೇಕು. ಸೋರುತ್ತೆ ಅಂತ ಪಟ್ಟಿ ಎಳೆದೆಳೆದು ಕಟ್ಟಿದರೆ ಸಿಲಿಕಾನ್ ಕುಷನ್ ಚಪ್ಪಟೆಯಾಗಿ ಇನ್ನೂ ಜಾಸ್ತಿ ಸೋರುತ್ತದೆ, ಮೂಗಿನ ಮೇಲೆ ಕೆಂಪು ಗಾಯ ಬೇರೆ. ಅಪ್ಪನಿಗೆ ಬೇಕಾಗಿದ್ದದ್ದು ಚಿಕ್ಕ ಸೈಜಿನ ಕುಷನ್. ಕಂಪನಿಗೆ ಬರೆಯುವಾಗ ಮಿಷನ್ ತೋರಿಸುವ ಲೀಕ್ ಸಂಖ್ಯೆಯ ಫೋಟೋ, ಮಾಸ್ಕ್ ಹಾಕಿಕೊಂಡ ಮುಖದ ಫೋಟೋ ಎರಡು ಕಡೆಯಿಂದ ಕಳಿಸಿ.

ಮಾಸ್ಕಿನ ಮುಂದೆ ಸಣ್ಣ ಸಣ್ಣ ತೂತುಗಳಿಂದ ಗಾಳಿ ಬರುತ್ತಲ್ಲ, ಅದು ಸೋರಿಕೆ ಅಲ್ಲ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದೇ. ಹೆಂಡತಿಗೆ ಗಾಳಿ ತಾಗುತ್ತೆ ಅಂತ ನಮ್ಮ ನೆಂಟರೊಬ್ಬರು ಅದಕ್ಕೆ ಟೇಪ್ ಅಂಟಿಸಿದ್ದರು! ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ.

ಮತ್ತೆ, ಹಳೇ ಮಾಸ್ಕ್ ಸುಮ್ನೆ ಬಿದ್ದಿದೆ ಅಂತ ಯಾರಿಗೂ ಕೊಡಬೇಡಿ. ಅವರ ಮುಖದ ಅಳತೆ ಬೇರೆ, ಅವರ ಮನೆಯಲ್ಲಿ ಯಾರಿಗೆ ಪೇಸ್‌ಮೇಕರ್ ಇದೆಯೋ ನಿಮಗೆ ಗೊತ್ತಿರಲ್ಲ.