ಇದು ಇಲ್ದಿದ್ರೆ ಏನಾಗುತ್ತೆ?

ನಮ್ಮ ಸಸ್ಯಶಾಸ್ತ್ರದ ಮೇಡಂ ಹೂವಿನ ಭಾಗಗಳನ್ನು ಬಾಯಿಪಾಠ ಮಾಡಿಸಲೇ ಇಲ್ಲ. ಒಂದೊಂದೇ ಭಾಗ ಕಿತ್ತು ಪಕ್ಕಕ್ಕಿಟ್ಟು, "ಇದು ಇಲ್ದಿದ್ರೆ ಏನಾಗುತ್ತೆ, ಹೇಳಿ" ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ಕಲಿತದ್ದರಲ್ಲಿ ನನಗೆ ಇವತ್ತಿಗೂ ಜಾಸ್ತಿ ಉಪಯೋಗಕ್ಕೆ ಬರುವುದು ಆ ಪ್ರಶ್ನೆಯೇ.

ದಾಸವಾಳದಿಂದ ಶುರು. ಹೊರಗಿನ ಹಸಿರು ಪುಷ್ಪಪತ್ರಗಳು ಮೊಗ್ಗನ್ನು ಕಾಯುತ್ತವೆ, ಅದು ಸುಲಭ. ದಳಗಳಿಗೆ ಬಂದಾಗ ನಾವೆಲ್ಲ ಒಟ್ಟಿಗೆ, ದಳ ಇಲ್ಲದಿದ್ದರೆ ಅದು ಹೂವೇ ಅಲ್ಲ ಮೇಡಂ, ಎಂದೆವು. ಅವರು ಮೆಕ್ಕೆಜೋಳದ ಎಳೇ ತೆನೆಯೊಂದನ್ನು ಮೇಜಿನ ಮೇಲಿಟ್ಟರು. ಬಣ್ಣದ ದಳ ಒಂದೂ ಇಲ್ಲ. ಗಿಡದ ತುದಿಯ ಗಂಡು ಹೂಗಳಿಂದ ಪರಾಗವನ್ನು ಗಾಳಿಯೇ ತರುವಾಗ, ಕೀಟಗಳನ್ನು ಕರೆಯುವ ಬಣ್ಣ ಯಾಕೆ ಬೇಕು? ತೆನೆಯ ತುದಿಯಲ್ಲಿ ಜೋತಾಡುವ ಒಂದೊಂದು ಎಳೆಯೂ ಪರಾಗ ಹಿಡಿಯುವ ಶಲಾಕೆ, ಒಳಗೆ ಒಂದೊಂದು ಕಾಳಿಗೆ ಸೇರಿದ್ದು. ಪರಾಗ ಸಿಗದ ಎಳೆಯ ಬುಡದಲ್ಲಿ ಕಾಳು ಕಟ್ಟುವುದಿಲ್ಲ.

ಕೇಸರ ಇಲ್ಲದಿದ್ದರೆ? ಕುಂಬಳದ ಹೆಣ್ಣು ಹೂವಿನಲ್ಲಿ ಪರಾಗ ಕೊಡುವ ಕೇಸರ ಇಲ್ಲವೇ ಇಲ್ಲ. ಅಂಡಾಶಯ ಮಾತ್ರ ಹೂವಿನ ಕೆಳಗೆ ಪುಟ್ಟ ಕಾಯಿಯಾಗಿ ಮೊದಲೇ ಕೂತಿರುತ್ತದೆ, ಗಂಡು ಹೂವಿನ ಪರಾಗ ಬರದಿದ್ದರೆ ಹಳದಿಯಾಗಿ ಉದುರಿ ಹೋಗುತ್ತದೆ. ಬಳ್ಳಿ ತುಂಬ ಹೂ ಇದೆ, ಕಾಯಿ ಮಾತ್ರ ನಿಲ್ತಿಲ್ಲ ಎಂದು ಯಾರಾದರೂ ಹೇಳಿದರೆ, ಜೇನುನೊಣ ಬರುತ್ತಾ ಎಂದು ನಾನು ಮೊದಲು ಕೇಳುತ್ತೇನೆ.

ದಳದೊಳಗೆ ದಳ ತುಂಬಿದ ದಾಸವಾಳ ನೋಡಿದ್ದೀರಲ್ಲ? ಅಲ್ಲಿ ಕೇಸರಗಳೇ ದಳಗಳಾಗಿಬಿಟ್ಟಿರುತ್ತವೆ. ನೋಡಲು ಚೆಂದ, ಪರಾಗ ಕಡಿಮೆ. ಹೂವಿನ ಭಾಗಗಳೆಲ್ಲ ರೂಪ ಬದಲಿಸಿದ ಎಲೆಗಳೇ ಎಂದು ಜರ್ಮನ್ ಕವಿ ಗಯಟೆ 1790ರಲ್ಲೇ ಬರೆದಿದ್ದ. ಯಾವ ಸುತ್ತಿನಲ್ಲಿ ಯಾವ ಭಾಗ ಮೂಡಬೇಕು ಎಂಬುದನ್ನು ಜೀನುಗಳ ಮೂರು ಗುಂಪುಗಳಿಂದ ವಿವರಿಸುವ ಎಬಿಸಿ ಮಾದರಿ ಬಂದದ್ದು 1991ರಲ್ಲಿ. ಅದನ್ನು ಓದಿದಾಗ ನನಗೆ ಮೇಡಂ ಕಿತ್ತಿಟ್ಟ ದಳಗಳ ಸಾಲೇ ಕಣ್ಣಿಗೆ ಬಂತು.

ಆದರೂ ನನ್ನನ್ನು ಹಿಡಿದಿಟ್ಟದ್ದು ಕಣ್ಣಿಗೆ ಕಾಣದ ಕೆಲಸ. ಶಲಾಕಾಗ್ರದ ಮೇಲೆ ಬಿದ್ದ ಪರಾಗ ಮೊಳೆತು, ಸಣ್ಣ ನಳಿಕೆಯೊಂದು ಕೆಳಗಿನ ಅಂಡಾಶಯದವರೆಗೆ ಬೆಳೆಯುತ್ತಾ ಎರಡು ಗಂಡು ಕೋಶಗಳನ್ನು ಒಯ್ಯುತ್ತದೆ. ಒಂದು ಅಂಡದೊಂದಿಗೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದರಿಂದ ಆ ಭ್ರೂಣಕ್ಕೆ ಊಟ ತಯಾರಾಗುತ್ತದೆ. ಎಳನೀರು ಅದೇ, ಗೊತ್ತಾ!

ಈಗ ಓದುತ್ತಿರುವವರಿಗೆ ಒಂದು ಮಾತು. ಲ್ಯಾಬಿಗೆ ಎರಡು ದಾಸವಾಳ ತನ್ನಿ. ಒಂದನ್ನು ಉದ್ದಕ್ಕೆ ಸೀಳಿ, ಕೇಸರಗಳ ಕೊಳವೆಯೊಳಗೆ ಶಲಾಕೆ ಇಳಿದುಹೋಗುವ ದಾರಿ ಸಿಗುತ್ತದೆ. ಇನ್ನೊಂದರ ಅಂಡಾಶಯವನ್ನು ಮಾತ್ರ ಅಡ್ಡಕ್ಕೆ ಕೊಯ್ಯಿರಿ, ಐದು ಕೋಣೆಗಳು ಕಾಣುತ್ತವೆ. ಬ್ಲೇಡು ಹೊಸದಿರಲಿ, ಹಳೆಯದಾದರೆ ಎಲ್ಲ ಜಜ್ಜಿಹೋಗುತ್ತೆ.